ಇನ್ನೊಂದು ಬಿಸಿಲು

ನಮ್ಮ ಸೋದರಮಾವನವರಿಗೆ ಊರೂರಿನ ಬಿಸಿಲಿನ ರುಚಿ ಗೊತ್ತು. ನಗಬೇಡಿ! ಚಹಾ ಗುಟುಕರಿಸಿ ಅದು ಯಾವ ಗುಡ್ಡದ ಎಲೆ ಎಂದು ಹೇಳುವವರನ್ನು ಲೋಕ ಪಂಡಿತರೆಂದು ಕೂರಿಸಿ ಗೌರವಿಸುತ್ತದೆ. ಬಾಳಕದ ಮೆಣಸಿನಕಾಯಿ ಕಡಿದು ಅದು ಯಾವ ಊರಿನ ಮಾಳಿಗೆಯ ಮೇಲೆ ಒಣಗಿತೆಂದು ಹೇಳುವವರಿಗೆ ಮಾತ್ರ ತಲೆ ಸರಿಯಿಲ್ಲವಂತೆ. ಇದೆಲ್ಲಿಯ ನ್ಯಾಯ?

ಮಾಮಾ ಅವರ ಶಾಸ್ತ್ರದ ಪ್ರಕಾರ ಕಿತ್ತೂರಿನ ಬಿಸಿಲು ಮೆತ್ತಗೆ, ಮೋಡಗಳ ಸಹವಾಸದಿಂದ ಕೆಟ್ಟದ್ದು. ಯರಗಟ್ಟಿಯದು ಜೋರು, ಆದರೆ ಲಾರಿಗಳ ಧೂಳು ಬೆರೆತದ್ದು. ರಾಮದುರ್ಗದ್ದು ಖಡಕ್. ಬೈಲಹೊಂಗಲದ್ದು, ಅದರಲ್ಲೂ ತಮ್ಮ ಮಾಳಿಗೆಯ ಮೇಲೆ ಬೀಳುವಷ್ಟು ತುಂಡು ಮಾತ್ರ, ಮೂರು ಲೋಕಕ್ಕೂ ಶ್ರೇಷ್ಠ!

ಆ ಮಾಳಿಗೆಯನ್ನು ನೀವು ನೋಡಬೇಕು. ಮಾಮಾ ಸಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ನಿವೃತ್ತಿಯಾದ ಮೇಲೆ ಸಾಲು ನಿಲ್ಲಿಸಲು ಮಕ್ಕಳು ಸಿಗದೆ ಮೆಣಸಿನ ಗಿಡಗಳನ್ನು ನಿಲ್ಲಿಸಿದರು. ಗಿಡ್ಡವು ಮುಂದೆ, ಎತ್ತರದವು ಹಿಂದೆ. ಬಣ್ಣದ ಬಕೆಟ್ಟಿನಲ್ಲಿ ಚವಳಿಕಾಯಿ, ಎಣ್ಣೆಯ ಡಬ್ಬಿಯಲ್ಲಿ ಪುದೀನಾ, ಒಡೆದ ಹೆಲ್ಮೆಟ್ಟಿನಲ್ಲಿ ಕೊತ್ತಂಬರಿ. ಮದುವೆಯಲ್ಲಿ ಬಂದ ಟ್ರಂಕಿನಲ್ಲಿ ಮೆಂತೆಪಲ್ಯ ಬೆಳೆದಿದೆ; ಮುಚ್ಚಳ ಕಿತ್ತರೂ ಬೀಗವೊಂದು ಇನ್ನೂ ನೇತಾಡುತ್ತಿದೆ. ಗುಬ್ಬಿ ಬಂದರೆ ಮಾಮಾ ಕೈ ಬೀಸುವುದಿಲ್ಲ, ಸೀಟಿ ಊದುತ್ತಾರೆ. ಗುಬ್ಬಿಗಳು ಹಾರುವುದಿಲ್ಲ. ಓಣಿಯಲ್ಲಿ ಹೊರಟಿದ್ದ ಅವರ ಹಳೆಯ ವಿದ್ಯಾರ್ಥಿಗಳು ಗಕ್ಕನೆ ನಿಲ್ಲುತ್ತಾರೆ!

ಬೇಸಿಗೆ ಬಂತೆಂದರೆ ಮಾಳಿಗೆಯ ಮೇಲೆ ಹಸಿರಿಗೆ ಬದುಕಿಲ್ಲ. ಚವಳಿಕಾಯಿ ಒಣಗುತ್ತದೆ, ಹಾಗಲಕಾಯಿ ಬಿಲ್ಲೆಬಿಲ್ಲೆಯಾಗಿ ಒಣಗುತ್ತದೆ, ಕರಿಬೇವು ಒಣಗಿ ಪುಡಿಯಾಗುತ್ತದೆ. ಎಲ್ಲಕ್ಕೂ ಮುಕುಟವೆಂದರೆ ಬಾಳಕ. ಮೆಣಸಿನಕಾಯಿಯ ಹೊಟ್ಟೆ ಸೀಳಿ, ಉಪ್ಪು ಮಸಾಲೆ ತುಂಬಿ, ಮಜ್ಜಿಗೆಯಲ್ಲಿ ನೆನೆಸಿ ಒಣಗಲು ಹಾಕುತ್ತಾರೆ. ಬೆಳೆಯುವುದು, ಸೀಳುವುದು, ಕಾಯುವುದು ಮಾಮಾ ಅವರ ಖಾತೆ. ತೀರ್ಪು ಮಾತ್ರ ಕೆಳಗೆ ಕಟ್ಟೆಯ ಮೇಲೆ ಕುಳಿತ ಅತ್ತೆಯದು. ಮೊಣಕಾಲು ಕೈಕೊಟ್ಟ ಮೇಲೆ ಅತ್ತೆ ಮೆಟ್ಟಿಲು ಹತ್ತುವುದನ್ನೂ ಬಸ್ಸು ಹತ್ತುವುದನ್ನೂ ಬಿಟ್ಟಿದ್ದಾರೆ. ಸಂಜೆ ತಟ್ಟೆ ಕೆಳಗಿಳಿಯುತ್ತದೆ. ಅತ್ತೆ ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಾರೆ. ಸಪ್ಪಳ ಕೇಳಿ ಹೇಳುತ್ತಾರೆ: "ಇನ್ನೊಂದ ಬಿಸಲ ಬೇಕ್ರಿ." ಮಾಮಾ ಮತ್ತೆ ತಟ್ಟೆ ಎತ್ತುತ್ತಾರೆ. ಆ ಮನೆಯಲ್ಲಿ ಅದರ ಮೇಲೆ ಅಪೀಲಿಲ್ಲ.

ಈ ಅತ್ತೆಗೆ ರಾಮದುರ್ಗದಲ್ಲೊಬ್ಬ ತಂಗಿ. ಇಲ್ಲೇ ಇದೆ ಇತಿಹಾಸ. ಆ ತಂಗಿ ತನ್ನ ಮನೆಯ ವಾಸ್ತುಶಾಂತಿಯ ಊಟದಲ್ಲಿ, ತಾನೇ ಕುಟ್ಟಿದ ಕೆಂಪು ಮೆಣಸಿನಕಾಯಿ ಚಟ್ನಿ, ರಂಜಕವನ್ನು ಮಾಮಾ ಅವರ ತಾಟಿಗೆ ಬಡಿಸಿ, "ಹೆಂಗ ಆಗೈತ್ರಿ?" ಎಂದು ಆಸೆಯಿಂದ ಕೇಳಿದರು. ಊಟಕ್ಕೆ ಕುಳಿತ ಗಂಡಸು ಏನು ಹೇಳಬೇಕು? ಛಲೋ ಆಗೈತಿ ಎನ್ನಬೇಕು. ನಮ್ಮ ಡ್ರಿಲ್ ಮಾಸ್ತರರು ಚೀಪಿ, ಯೋಚಿಸಿ, ತುಂಬಿದ ಪಂಕ್ತಿಯಲ್ಲಿ ಫಲಿತಾಂಶ ಪ್ರಕಟಿಸಿದರು: "ಪಾಸ್ ಆಗೈತಿ. ಅಷ್ಟ."

ತಂಗಿ ರಂಜಕದ ಭರಣಿಯ ಬಾಯಿ ಕಟ್ಟಿಬಿಟ್ಟರು. ಮಾಮಾ ತಾವಾಗಿ ಬಂದು ಕರೆಯುವವರೆಗೆ ಅವರ ಹೊಸ್ತಿಲು ತುಳಿಯುವುದಿಲ್ಲವೆಂದರು. ನಿಜ ಹೇಳಿದ್ದಕ್ಕೆ ಕ್ಷಮೆಯೇಕೆ ಎಂದು ಮಾಮಾ ಎದೆ ಸೆಟೆಸಿ ನಿಂತರು. ಮೊದಲಾದರೆ ಅತ್ತೆಯೇ ಬಸ್ಸು ಹತ್ತಿ ಹೋಗಿಬರುತ್ತಿದ್ದರು. ಈಗ ಅದೂ ನಿಂತಿದೆ. ಫೋನಿನಲ್ಲಿ ದಿನಾ ಮಾತಾಡುತ್ತಾರೆ, ನಿಜ. ಆದರೆ ಅಕ್ಕತಂಗಿ ಒಬ್ಬರಿಗೊಬ್ಬರು ತಲೆಗೆ ಎಣ್ಣೆ ಹಚ್ಚಿಕೊಂಡು ಹರಟುವುದು ಫೋನಿನಲ್ಲಿ ಸಾಧ್ಯವೇ? ಮಾತು ಮುಗಿದ ಮೇಲೂ ಅತ್ತೆ ಫೋನನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ಕೂರುತ್ತಾರೆ. ಮಾಮಾ ಆಗ ಮಾಳಿಗೆ ಹತ್ತಿಬಿಡುತ್ತಾರೆ.

ಈ ಬೇಸಿಗೆಯಲ್ಲಿ ಅನಾಹುತವಾಯಿತು. ಪಕ್ಕದ ಮನೆಯವರು ಮೇಲೊಂದು ಅಂತಸ್ತು ಏರಿಸಿದರು. ಬಾಳಕ ಹಾಕಿದ ಮೊದಲ ದಿನವೇ ಮಾಮಾ ಅವರ ಮಾಳಿಗೆಯ ಮೇಲೆ ನೆರಳು ಬಂದು ಆರಾಮಾಗಿ ಮಲಗಿತು. ಮಾಮಾ ಕೊರಳಲ್ಲಿ ಸೀಟಿ ಹಾಕಿಕೊಂಡೇ ನ್ಯಾಯ ಕೇಳಲು ಹೋದರು.

"ನಿಮ್ಮ ನೆಳ್ಳ ನಮ್ಮ ಮನಿಗೆ ಬಂದೈತಿ. ಕರಕೊಂಡ ಹೋಗ್ರಿ."

"ಮಾಸ್ತರ, ನೆಳ್ಳಿಗೆ ನಾ ಏನ ಹೇಳ್ಲ್ರಿ? ಸಂಜಿಕ ತಾನ ಹೋಗ್ತೈತಿ," ಎಂದರು ನೆರೆಯವರು. ಪಾಪ, ಒಳ್ಳೆಯವರು. "ಬೇಕಾದ್ರ ನಮ್ಮ ಮ್ಯಾಲ ಹಾಕ್ರಿ. ಸಿಮೆಂಟ್ ಕೆಲಸಾ ಇನ್ನಾ ನಡದೈತಿ, ಒಂದೀಟ ಧೂಳಾ ಬೀಳ್ತೈತಿ, ಅಷ್ಟ."

"ಸಿಮೆಂಟಿನ ಬಾಳಕಾ ತಿಂದ್ರ ಹೊಟ್ಟ್ಯಾಗ ಸ್ಲ್ಯಾಬ್ ಬೀಳ್ತೈತ್ರಿ!" ಎಂದು ಮಾಮಾ ತಿರುಗಿ ಬಂದರು.

ಮರುದಿನದಿಂದ ಮಾಮಾ ಬಿಸಿಲು ಹುಡುಕಿಕೊಂಡು ಬಸ್ಸು ಹತ್ತಿದರು. ಬಾಳಕ ತುಂಬಿದ ಅಗಲವಾದ ಸ್ಟೀಲಿನ ಡಬ್ಬಿ ಅವರ ತೊಡೆಯ ಮೇಲೆ, ಅವರ ಮಾನ ಉಳಿಸುವ ಹೊಣೆ ನನ್ನ ಮೇಲೆ.

ಮೊದಲು ಕಿತ್ತೂರು, ನನ್ನ ಅಕ್ಕನ ಮನೆ. ಬಾಳಕ ಹರವಿದ ಕೂಡಲೇ ಎಲ್ಲಿದ್ದವೋ ಏನೋ, ಆಕಾಶದಲ್ಲಿ ಮೋಡಗಳು ಬಂದು ಕುಳಿತವು. ಮಾಮಾ ಮೇಲೆ ನೋಡಿ ಸೀಟಿ ಊದಿದರು. ಮೋಡಗಳು ಅವರ ವಿದ್ಯಾರ್ಥಿಗಳಲ್ಲವಾದ್ದರಿಂದ ಕದಲಲಿಲ್ಲ. ಸಂಜೆ ಬೈಲಹೊಂಗಲದ ಕಟ್ಟೆಯಲ್ಲಿ ಅತ್ತೆ ಒಂದನ್ನು ಮುರಿಯಲು ನೋಡಿದರು; ಅದು ಮುರಿಯಲಿಲ್ಲ, ಬಾಗಿತು. "ಇನ್ನೊಂದ ಬಿಸಲ ಬೇಕ್ರಿ."

ಆಮೇಲೆ ಯರಗಟ್ಟಿ, ಮಾಮಾ ಅವರ ಗೆಳೆಯರೊಬ್ಬರ ಅಂಗಡಿಯ ಮಾಳಿಗೆ. ಹೋಗುವಾಗಲೇ ಕಂಡಕ್ಟರ್ ಡಬ್ಬಿ ನೋಡಿ ತಡೆದ.

"ಅಜ್ಜಾರ, ಇದಕ್ಕ ಅರ್ಧಾ ಟಿಕೀಟ ಆಗ್ತೈತ್ರಿ."

"ಯಾಕ? ಇವು ಇನ್ನಾ ಸಾಲಿಗೆ ಹೋಗೂ ವಯಸ್ಸಿನವಲ್ಲ. ತೊಡಿ ಮ್ಯಾಲ ಕುಂತಾವು, ಸೀಟ ಕೇಳಿಲ್ಲ."

ಬಸ್ಸು ನಕ್ಕಿತು. ಅಷ್ಟರಲ್ಲಿ ರಸ್ತೆಯ ಉಬ್ಬೊಂದಕ್ಕೆ ಡಬ್ಬಿಯ ಮುಚ್ಚಳ ಹಾರಿತು. ನಗುತ್ತಿದ್ದ ಬಸ್ಸು ಒಕ್ಕೊರಲಿನಿಂದ ಸೀನಿತು! ಕಂಡಕ್ಟರ್ ಟಿಕೀಟಿನ ವಿಷಯ ಮತ್ತೆ ಎತ್ತಲಿಲ್ಲ.

ಯರಗಟ್ಟಿಯ ಬಿಸಿಲು ಆ ದಿನ ಮೈಮೇಲೆ ಬಂದವರಂತೆ ಸುರಿಯಿತು. ತಿರುಗಿ ಬರುವಾಗ ಡಬ್ಬಿಯೊಳಗಿನ ಬಾಳಕ ಗೆಜ್ಜೆಯ ಹಾಗೆ ಗಲಗಲ ಎನ್ನುತ್ತಿತ್ತು. ಗೆದ್ದೆವು ಅಂದುಕೊಂಡೆ. ಅತ್ತೆ ಒಂದನ್ನು ಕಿವಿಗೆ ಹಿಡಿದರು. ಟಕ್! ಓಣಿಗೆಲ್ಲ ಕೇಳಿತು. ಅತ್ತೆ ಮಾತ್ರ ಎತ್ತಲೋ ನೋಡುತ್ತಾ ಹೇಳಿದರು: "ಇನ್ನೊಂದ ಬಿಸಲ ಬೇಕ್ರಿ. ಖಡಕ್ ಬಿಸಲ."

ಖಡಕ್ ಬಿಸಿಲು ಎಲ್ಲಿಯದೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಮಾ ನನ್ನ ಕಾಲು ತುಳಿದರು. ಮರುದಿನ ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟರು, ಸೀಟಿಯನ್ನು ಗೂಟಕ್ಕೆ ಹಾಕಿದರು. ನಾನು ಅವರನ್ನು ಸೀಟಿಯಿಲ್ಲದೆ ನೋಡಿದ್ದು ಅದೇ ಮೊದಲು. ಸೀದಾ ರಾಮದುರ್ಗದ ಬಸ್ಸು ಹತ್ತಿದರು.

ಬಾಗಿಲು ತೆರೆದವರು ತಂಗಿಯೇ. ಡಬ್ಬಿ ಹಿಡಿದು ನಿಂತ ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಏನ್ರಿ ಮಾಮಾರ, ದಾರಿ ತಪ್ಪಿ ಬಂದ್ರೇನ?"

"ಇಲ್ಲ. ಬಿಸಲ ಬೇಕಾಗಿತ್ತು."

"ನಮ್ಮ ಬಿಸಲ ಬರೇ ಪಾಸ್ ಆಗಷ್ಟ ಐತ್ರಿ. ಫಸ್ಟ್ ಕ್ಲಾಸ್ ಇಲ್ಲ."

ನಾನು ಕೆಮ್ಮಿದೆ. ಮಾಮಾ ಡಬ್ಬಿಯನ್ನು ಮುಂದೆ ಚಾಚಿದರು. ತಂಗಿ ಮುಚ್ಚಳ ತೆಗೆದು ಒಂದು ಬಾಳಕ ಎತ್ತಿ, ಥೇಟ್ ಅಕ್ಕನ ಹಾಗೆಯೇ ಕಿವಿಗೆ ಹಿಡಿದು ಮುರಿದರು. ಅವರ ಹುಬ್ಬು ಗಂಟಾಯಿತು.

"ಇವು ಯಾವಾಗೋ ಒಣಗ್ಯಾವಲ್ಲ! ಇವಕ್ಕ್ಯಾಕ ಬಿಸಲ?"

"ನನಗೇನ ಗೊತ್ತ?" ಎಂದರು ಮಾಮಾ, ಗೋಡೆಯ ಕಡೆ ನೋಡುತ್ತಾ. "ನಿಮ್ಮ ಅಕ್ಕಾ ಹೇಳ್ಯಾಳ, ಇನ್ನೊಂದ ಬಿಸಲ ಬೇಕಂತ. ನೀನ ಬಂದ ಕೇಳವಾ." ಆಮೇಲೆ, ಗಂಟಲು ಸರಿಪಡಿಸಿಕೊಂಡು: "ನಡಿ. ಕರಿಯಾಕ ಬಂದೇನಿ."

ತಂಗಿ ಮುರಿದ ಬಾಳಕವನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿ, "ಹಾಳಾದ ಖಾರಾ," ಎಂದು ಬೈದು ಚೀಲ ತುಂಬಲು ಒಳಗೆ ಹೋದರು.

ಬೈಲಹೊಂಗಲಕ್ಕೆ ಬಂದು ತಂಗಿ ಹೊಸ್ತಿಲು ದಾಟಿದಾಗ ಏನಾಯಿತೆಂದು ನಾನು ಬರೆಯಲಾರೆ, ಏಕೆಂದರೆ ಮಾಮಾ ನನ್ನ ರಟ್ಟೆ ಹಿಡಿದು ಮಾಳಿಗೆಗೆ ಎಳೆದೊಯ್ದರು. ನೀರು ಹಾಕುವುದಿದೆಯಂತೆ. ಪಕ್ಕದ ಗೋಡೆಯ ನೆರಳಿನಲ್ಲಿ ಅವರು ಪುದೀನಾದ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ತಂಬಿಗೆ ಬಗ್ಗಿಸಿದರು. ಕೆಳಗಿನಿಂದ ಬಳೆಗಳ ಸಪ್ಪಳ, ಎಣ್ಣೆಯ ವಾಸನೆ, ಇಬ್ಬರು ಹೆಂಗಸರ ಜೋರು ನಗು ಮೆಟ್ಟಿಲು ಹತ್ತಿ ಬರುತ್ತಿದ್ದವು.

"ಮಾಮಾ, ಡಬ್ಬಿ ತುಂಬಿ ಹರಿಯಾಕತ್ತೈತ್ರಿ."

"ಹರೀಲಿ ಬಿಡು. ನೀ ಸುಮ್ಮ ಇರು ಮೊದಲ. ಕೆಳಗ ಏನಂದು ನಗಾಕತ್ತಾರ, ಕೇಳಸವಲ್ದು."