ನೀರು ಬಿಡದ ಹಳದಿ ಉಡುಪು

ಮಕ್ಕಳ ಮಳೆಯುಡುಪು ತಯಾರಿಸುವ ಕಂಪನಿಯ ನಿರ್ದೇಶಕರ ಘನ ಸನ್ನಿಧಾನಕ್ಕೆ,

ಮಾನ್ಯರೇ, ತಾವೂ ತಮ್ಮ ಕಾರ್ಖಾನೆಯೂ ತಮ್ಮ ಮೇಜಿನ ಮೇಲಿನ ಒಣ ಕಾಗದಪತ್ರಗಳೂ ಕ್ಷೇಮವೆಂದು ನಂಬಿದ್ದೇನೆ. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಪರರ ತಪ್ಪು ಹುಡುಕಿ ಹೊಟ್ಟೆ ಹೊರೆಯುವ ನನ್ನ ಕಣ್ಣಿಗೇ ಮಣ್ಣೆರಚಿದ ತಮ್ಮ ಜಾಣ್ಮೆಗೆ ಮೊದಲು ಕೈಮುಗಿಯುತ್ತೇನೆ.

ಕೆರೆಯ ದಂಡೆಯಲ್ಲಿ ಡೇರೆ ಹಾಕಿಕೊಂಡು ಇರೋಣವೆಂದು ನಮ್ಮ ಪುಟಾಣಿ ರಜೆ ಶುರುವಾದಾಗಿನಿಂದ ಪ್ರಾಣ ತಿನ್ನುತ್ತಿದ್ದಳು. ಈಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತ ಅವಳೇ ಅಂಗಡಿಯಲ್ಲಿ ಚೀಟಿಗಳನ್ನೆಲ್ಲ ಓದಿ, ಕುತ್ತಿಗೆಯಿಂದ ಕಾಲಿನವರೆಗೆ ಬೂಟೂ ಸೇರಿ ಒಂದೇ ಹೊಲಿಗೆಯ ತಮ್ಮ ಹಳದಿ ಉಡುಪನ್ನು ಆರಿಸಿದಳು. ‘ಒಂದು ಹನಿ ನೀರನ್ನೂ ಬಿಡುವುದಿಲ್ಲ’ ಎಂದು ಅದರ ಚೀಟಿಯಲ್ಲಿತ್ತು. ಟೋಪಿಯಿರುವ ಸಾದಾ ರೇನ್‌ಕೋಟೇ ಸಾಕೆಂದು ನನ್ನ ಗಂಡ ಗೊಣಗಿದರು. ಬರೆದಿದ್ದಾರಲ್ಲಪ್ಪಾ ಎಂದು ಅವಳು ಅವರ ಬಾಯಿ ಮುಚ್ಚಿಸಿದಳು. ನಾನೂ ತಲೆಯಾಡಿಸಿದೆ.

ಕೆರೆಗೆ ಹೋಗಿ ಡೇರೆ ಹಾಕಿದೆವು, ಮಳೆ ಬಂತು. ಮಗುವನ್ನು ಒಳಗಿಳಿಸಲೆಂದು ತಾವು ಧಾರಾಳವಾಗಿ ತೆರೆದಿಟ್ಟ ಕುತ್ತಿಗೆಯಿಂದ ನೀರು ಇಳಿಯಿತು, ಮತ್ತು ತಾವು ಕೊಟ್ಟ ಮಾತಿನಂತೆ ಒಂದು ಹನಿಯೂ ಹೊರಗೆ ಬರಲಿಲ್ಲ. ಬೂಟು ತುಂಬಿ, ಮೊಣಕಾಲಿನವರೆಗೆ ಏರಿ, ಹೆಜ್ಜೆ ಎತ್ತಲಾಗದೆ ಅವಳು ಕೆಸರಿನಲ್ಲಿ ನಿಂತು ಅತ್ತಳು. ಅವಳಪ್ಪ ಅವಳನ್ನೆತ್ತಿ ಬಿಂದಿಗೆಯ ಹಾಗೆ ಬಗ್ಗಿಸಿ ಬರಿದು ಮಾಡಬೇಕಾಯಿತು. ಪಕ್ಕದ ಡೇರೆಯ ಮಕ್ಕಳು ಸಾದಾ ರೇನ್‌ಕೋಟಿನಲ್ಲಿ ಕುಣಿಯುತ್ತಿದ್ದರು.

ತಮ್ಮ ಕಚೇರಿಗೆ ಫೋನ್ ಮಾಡಿದಾಗ, ನೀರನ್ನು ‘ಒಳಗೆ’ ಬಿಡುವುದಿಲ್ಲವೆಂದು ನಾವೆಲ್ಲೂ ಬರೆದಿಲ್ಲ, ಬಿಡುವುದಿಲ್ಲ ಎಂದಷ್ಟೇ ಬರೆದಿದ್ದೇವೆ, ಹಿಡಿದದ್ದನ್ನು ಬಿಟ್ಟಿಲ್ಲವಲ್ಲ ಎಂದು ದೂರು ವಿಭಾಗದ ಮಹಾಶಯರೊಬ್ಬರು ನನಗೇ ಪಾಠ ಹೇಳಿದರು. ಒಂದೇ ಕ್ರಿಯಾಪದದಿಂದ ಮನೆಮಂದಿಯನ್ನೆಲ್ಲ ನೆನೆಸಬಲ್ಲ ಇಂಥ ಪಂಡಿತರು ನಮ್ಮ ಅಚ್ಚುಕೂಟದಲ್ಲಿ ಒಬ್ಬರೂ ಇಲ್ಲ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಕುತ್ತಿಗೆಯ ದಾರಿ ಹಿಡಿಯಬಾರದೆಂದು ಮಳೆಗೆ ತಾವೇ ಒಂದು ಸುತ್ತೋಲೆ ಹೊರಡಿಸಬೇಕು. ಅದಾಗದಿದ್ದರೆ ತಮ್ಮ ಅಳತೆಗೂ ಅಂಥದೊಂದು ಉಡುಪು ಹೊಲಿಸಿಕೊಂಡು, ಮಳೆ ಬರುವ ದಿನ ನೋಡಿ, ನಮ್ಮೊಡನೆ ಕೆರೆಯ ದಂಡೆಗೆ ದಯಮಾಡಿಸಬೇಕು. ತಾವು ತುಂಬುವವರೆಗೆ ನಾವು ಡೇರೆಯಲ್ಲಿ ಕುಳಿತು ಚೀಟಿಯನ್ನು ಗಟ್ಟಿಯಾಗಿ ಓದುತ್ತಿರುತ್ತೇವೆ. ಬಗ್ಗಿಸುವ ಕೆಲಸಕ್ಕೆ ನನ್ನ ಗಂಡ ಈಗಾಗಲೇ ಒಪ್ಪಿದ್ದಾರೆ.

ಪುಟಾಣಿಯ ನೆಗಡಿ, ಜ್ವರ ವಾಸಿಯಾದವು. ನನ್ನ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ಅಂಗಡಿಯ ಬೋರ್ಡು, ಬಿಸ್ಕತ್ತಿನ ಪೊಟ್ಟಣ, ಬಸ್ಸಿನ ಬೆನ್ನು, ಏನು ಕಂಡರೂ ಕೂಗಿ ಓದುತ್ತಿದ್ದ ಮಗಳು ಈಗ ಪ್ರತಿ ಸಾಲಿಗೂ ನಿಂತು, ನಿಜವಾಗಲೂನಾ ಎಂದು ನನ್ನ ಮುಖ ನೋಡುತ್ತಾಳೆ.

ತಮ್ಮ ವಿಶ್ವಾಸಿ,
ಹಳದಿ ಉಡುಪಿನವಳ ತಾಯಿ

ತಾ.ಕ.: ಉಡುಪು ಹಾಳಾಗಿಲ್ಲ. ನಲ್ಲಿ ಬಾರದ ದಿನಕ್ಕಿರಲಿ ಎಂದು ನೀರು ತುಂಬಿಸಿ ಬಚ್ಚಲಲ್ಲಿ ನೇತುಹಾಕಿದ್ದೇವೆ, ತೊಟ್ಟೂ ಸೋರುವುದಿಲ್ಲ. ಈ ಪತ್ರವನ್ನು ಪುಟಾಣಿಗೆ ಓದಿ ಹೇಳಿದೆ. “ಅಮ್ಮಾ, ಕೊನೇಲಿ ‘ವಿಶ್ವಾಸಿ’ ಅಂತ ಬರೆದಿದೀಯಲ್ಲ, ಅದೂ ಚೀಟೀಲಿ ಬರೆದ ಹಾಗೇನಾ?” ಎಂದಳು. ಹೌದು ಕಂದಾ ಎಂದೆ.