ಎರಡು ಮನೆಯ ಮೊಸರು

ಮೊಸರಿನ ಸೂಕ್ಷ್ಮಾಣುಗಳ ಜೀನ್ ವಿವರ ತುಂಬಿದ್ದ ಪೆನ್‌ಡ್ರೈವ್ ಲ್ಯಾಬಿನಿಂದ ಬಂತು. ಆದರೆ ಅದನ್ನು ಓದುವ ಸಾಫ್ಟ್‌ವೇರ್ ಸಂಶೋಧನಾ ವಿದ್ಯಾರ್ಥಿ ಪ್ರತಾಪನ ಬಳಿ ಇರಲಿಲ್ಲ. ಸಪ್ತಾಪುರದ ಬಾಡಿಗೆ ಕೋಣೆಯಲ್ಲೇ ಕೂತು, ಪುಕ್ಕಟೆ ಸಿಗುವುದೊಂದನ್ನು ಆರಿಸಿ, ಎರಡು ಮನೆಯ ಮೊಸರಿನ ವ್ಯತ್ಯಾಸವನ್ನು ಸಂಜೆ ಐದರೊಳಗೆ ಗೈಡ್ ಅಮರೇಶ ಸರ್‌ಗೆ ಕಳಿಸಬೇಕಿತ್ತು. ತಪ್ಪಿದರೆ ಈ ವರ್ಷದ ವಿಚಾರಸಂಕಿರಣದಲ್ಲಿ ಅವನ ಪ್ರಬಂಧವಿಲ್ಲ.

ಒಂದು ಮೊಸರು ಮನೆಯೊಡತಿ ಸಾವಕ್ಕನದು. ಇನ್ನೊಂದು ಎದುರುಮನೆಯ ನಿವೃತ್ತ ಬಸ್ ಕಂಡಕ್ಟರ್ ಕಮರುದ್ದೀನರದು. ಯಾರ ಮೊಸರು ಮೇಲು ಎಂದು ತಿಳಿಯಲು ಇಬ್ಬರೂ ಬೆಳಿಗ್ಗೆಯೇ ಬಂದು ಅವನ ಮಂಚದ ಮೇಲೆ ಕೂತುಬಿಟ್ಟರು.

ಮೊದಲ ಸಾಫ್ಟ್‌ವೇರ್ ಇಳಿಸಿದೊಡನೆ ಹಳೆಯ ಲ್ಯಾಪ್‌ಟಾಪ್ ಘಾಟಿ ಹತ್ತುವ ಲಾರಿಯಂತೆ ನರಳಿ ನಿಂತುಬಿಟ್ಟಿತು.

“ಓವರ್‌ಲೋಡ್ ಆಗೇತಿ. ಅರ್ಧಾ ಮಂದೀನ್ನ ಇಳಸು,” ಎಂದರು ಕಮರುದ್ದೀನ.

“ಕಾಕಾ, ಇದು ಬಸ್ ಅಲ್ರಿ!”

“ಮೈ ಸುಡಾಕತ್ತೇತಿ ನೋಡೋ ಯಪ್ಪಾ,” ಎನ್ನುತ್ತ ಸಾವಕ್ಕ ಲ್ಯಾಪ್‌ಟಾಪಿಗೆ ಒದ್ದೆ ಬಟ್ಟೆ ಹೊದಿಸಲು ಬಂದಳು. ಪ್ರತಾಪ ಅದನ್ನು ಕೂಸಿನಂತೆ ಎದೆಗೊತ್ತಿಕೊಂಡ.

ಎರಡನೆಯದರಲ್ಲಿ ಬರೀ ಕಪ್ಪು ಪರದೆ. ಏನು ಮಾಡಬೇಕೆಂದು ಒಂದೊಂದೇ ಸಾಲು ಬರೆದು ತಿಳಿಸಬೇಕು.

“ಮಾರೀನ ತೋರಸವಲ್ದು. ಎಂಥಾ ಮನಿತನದ್ದೋ ಏನೋ, ಈ ಸಂಬಂಧ ಬ್ಯಾಡ,” ಎಂದಳು ಸಾವಕ್ಕ.

ಆದರೂ ಅದು ಮಧ್ಯಾಹ್ನದ ಹೊತ್ತಿಗೆ ಉತ್ತರ ಕೊಟ್ಟಿತು: ಎರಡೂ ಮೊಸರು ಒಂದೇ.

“ನನ್ನ ಮೊಸರು, ಇವರ ಮೊಸರು ಒಂದ? ಅದಕ್ಕ ಕಣ್ಣ ಇಲ್ಲ!” ಎಂದು ಸಾವಕ್ಕ ಸಿಡುಕಿದಳು.

ಪ್ರತಾಪನಿಗೂ ನಂಬಿಕೆ ಬರಲಿಲ್ಲ. ಮೂರನೆಯದು ದೂರದ ಯಾವುದೋ ಕಂಪ್ಯೂಟರಿನಲ್ಲಿ ನಡೆಯುವಂಥದು. ಇವನ ಸರದಿ ಇಪ್ಪತ್ತೇಳನೆಯದು.

“ಪಾಳಿ ಐತಿ ಅಂದ್ರ ಗಾಡಿ ಛಲೋ ಐತಿ,” ಎಂದು ಕಮರುದ್ದೀನ ಸಮಾಧಾನ ಹೇಳಿದರು.

ನಾಲ್ಕೂವರೆಗೆ ಅದೂ ಹೇಳಿತು: ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಪ್ರತಾಪ ತಲೆಯ ಮೇಲೆ ಕೈಹೊತ್ತ. “ಪುಕ್ಕಟೆ ಸಾಫ್ಟ್‌ವೇರ್ ಯಾವೂ ಉಪಯೋಗಿಲ್ಲಂತ ಸರ್‌ಗೆ ಬರೀತೇನ್ರಿ. ನನ್ನ ಪ್ರಬಂಧಾನ ಬ್ಯಾಡ.”

ಕಮರುದ್ದೀನ ಕೆಮ್ಮಿದರು. “ಬರೀಬ್ಯಾಡ. ನೀ ಮೊಸರು ಒಯ್ಯಾಕ ಬಾಟಲಿ ತಂದ ದಿನಾ ನಮ್ಮ ಮೊಸರಿಗೆ ಬೆಕ್ಕು ಬಾಯಿ ಹಾಕಿತ್ತು. ಇಲ್ಲ ಅನ್ನಾಕ ನಾಚಿಕಿ ಬಂತು. ಮೊಮ್ಮಗಳು ಜೋಯಾನ್ನ ಕಳಿಸಿ ಸಾವಕ್ಕಾರ ಮನ್ಯಾಗಿಂದನ ಒಂದ ವಾಟಗಾ ಮೊಸರು ತರಿಸಿ ನಿನಗ ಕೊಟ್ನಿ.”

ಗೆದ್ದೆನೆಂದು ಸಾವಕ್ಕ ಕುಣಿಯಬೇಕಿತ್ತು. ಆದರೆ ಅವಳು ಸೆರಗಿನ ತುದಿ ತಿರುವುತ್ತ ಕೂತಳು.

“ಅವತ್ತ ಥಂಡಿಗೆ ನಂದೂ ಹೆಪ್ಪು ಕೂತಿದ್ದಿಲ್ಲೋ ತಮ್ಮಾ. ಅಂಗಡೀ ಮೊಸರಿನ ಪಾಕೀಟ ಒಡದು ಗಡಿಗ್ಯಾಗ ಹಾಕಿದ್ನಿ.”

ಪ್ರತಾಪ ಫೋನಿನಲ್ಲಿ ಎಲ್ಲವನ್ನೂ ಒಪ್ಪಿಸಿದ. ಅಮರೇಶ ಸರ್ ಬಹಳ ಹೊತ್ತು ನಕ್ಕರು.

“ಈ ವರ್ಷ ಹೋತು ಬಿಡು. ಖರೇ ಹೇಳೂ ಸಾಫ್ಟ್‌ವೇರ್ ಅಂತೂ ಒಂದಲ್ಲ, ಎರಡು ಸಿಕ್ಕಾವ. ಇನ್ನ ಖರೇ ಹೇಳೂ ಮನೀ ಎರಡು ಹುಡುಕು.”