ಅತ್ತೆಯವರ ರೆನಿನ್

ರೆನಿನ್ ಪರೀಕ್ಷೆಯ ರಕ್ತವನ್ನು ಫ್ರಿಜ್ಜಿನಲ್ಲಿ ಇಡಬಾರದು. ಆ ಲ್ಯಾಬಿನಲ್ಲಿ ಈ ವಿಷಯ ಟೆಕ್ನೀಷಿಯನ್‌ ಒಬ್ಬನಿಗೆ ಮಾತ್ರ ಗೊತ್ತಿದ್ದುದೇ ಅವತ್ತಿನ ರಾದ್ಧಾಂತಕ್ಕೆ ಮೂಲ.

ರಕ್ತದೊತ್ತಡವನ್ನು ಹದದಲ್ಲಿಡುವ ಈ ಕಿಣ್ವದ ಸ್ವಭಾವ ವಿಚಿತ್ರ. ತಂಪು ತಗುಲಿದರೆ, ಇನ್ನೂ ತಯಾರಾಗದೆ ಮಲಗಿರುವ ರೆನಿನ್ ಕೂಡ ಎದ್ದು ಕೂತು ಕರೆಯದ ನೆಂಟರಂತೆ ಊಟಕ್ಕೆ ಸೇರಿಬಿಡುತ್ತದೆ. ಪರೀಕ್ಷೆಯ ತಟ್ಟೆಯ ಗುಳಿಗಳಲ್ಲಿ ಕಾದಿರುವ ಪ್ರತಿಕಾಯಗಳು ಅದನ್ನೂ ಹಿಡಿದುಕೊಂಡು, ಇಲ್ಲದ ಅಂಕಿ ತೋರಿಸುತ್ತವೆ.

ಅವತ್ತು ಬಂದವರು ಮುಖ್ಯ ಡಾಕ್ಟರ ಅತ್ತೆ. ಟೆಕ್ನೀಷಿಯನ್ನನ ಪ್ರಮೋಷನ್ ಕಾಗದ ಅದೇ ಡಾಕ್ಟರ ಮೇಜಿನ ಮೇಲಿತ್ತು. ಈ ಪರೀಕ್ಷೆಯ ನಿಯಮದಂತೆ ಅವನು ಅತ್ತೆಯವರನ್ನು ಅರ್ಧ ಗಂಟೆ ಮಂಚದ ಮೇಲೆ ಮಲಗಿಸಿ ರಕ್ತ ತೆಗೆದ. ಟ್ಯೂಬಿಗೆ ಅಂಟಿಸುವ ಚೀಟಿ ತರಲು ಹೋಗಿ ಬರುವಷ್ಟರಲ್ಲಿ ಟ್ಯೂಬ್ ಮಾಯ.

"ಫ್ರಿಜ್ಜಲ್ಲಿಟ್ಟಿದೀನಿ. ರಕ್ತಾನ ಹಾಗೆ ಬಿಸಾಕಿ ಹೋಗ್ತಾರಾ?" ಎಂದಳು ನರ್ಸ್.

"ಅಯ್ಯೋ, ಇದಕ್ಕೆ ತಂಪು ಆಗಲ್ಲ ಕಣಮ್ಮ. ಇನ್ನು ಮೊದಲಿಂದ ಮಾಡ್ಬೇಕು," ಎಂದು ಅವನು ತಲೆ ಚಚ್ಚಿಕೊಂಡ.

ಮತ್ತೆ ಅರ್ಧ ಗಂಟೆ, ಮತ್ತೊಂದು ಚುಚ್ಚು. ಈ ಸಲ ಕೌಂಟರಿನ ಗುಮಾಸ್ತ ಬಂದು ಉಪಕಾರ ಮಾಡಿದ. "ಕೆಟ್ಟೋಗುತ್ತೆ ಅಂತ ನಾನೇ ಒಳಗಿಟ್ಟೆ. ಥ್ಯಾಂಕ್ಸ್ ಏನೂ ಬೇಡಿ."

ಮೂರನೇ ಸಲ ಟೆಕ್ನೀಷಿಯನ್ ಎಲ್ಲರನ್ನೂ ಹೊರಗಟ್ಟಿದ. ರಕ್ತ ತೆಗೆದದ್ದೇ ತಡ, ಡಾಕ್ಟರ್ ಕರೆದರು. ಬಾಗಿಲಿಗೆ ಬೀಗ ಹಾಕಿ, ಕೀಲಿ ಜೇಬಿಗಿಳಿಸಿ ಓಡಿದ. ಎರಡು ಸಲ ರಕ್ತ ಫ್ರಿಜ್ಜಿಗೆ ಹೋಗಿ ಕೆಟ್ಟದ್ದಕ್ಕೆ ಐದು ನಿಮಿಷ ಬೈಸಿಕೊಂಡು ಬಂದು ಬೀಗ ತೆಗೆದರೆ ಮೇಜು ಖಾಲಿ. ಟ್ಯೂಬ್ ಫ್ರಿಜ್ಜಿನಲ್ಲಿ ತಣ್ಣಗೆ ಕುಳಿತಿತ್ತು. ಕೋಣೆಯಲ್ಲಿದ್ದವರು ಒಬ್ಬರೇ, ಮಂಚದ ಮೇಲೆ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು.

"ಅಮ್ಮಾ, ನೀವೇನಾ?"

ಒಂದು ಕಣ್ಣು ತೆರೆಯಿತು. "ಮೆಲ್ಲಗೆ ಮಾತಾಡಪ್ಪ. ಮನೇಲಿ ಐದು ನಿಮಿಷ ಬೆನ್ನು ಹಾಸೋಕೆ ಬಿಡಲ್ಲ. ಇಲ್ಲಿ ಅರ್ಧರ್ಧ ಗಂಟೆ ಮಲಗಿದ್ರೂ ಯಾರೂ ಕರೆಯಲ್ಲ. ಒಂದು ಚುಚ್ಚು ತಾನೇ, ಇರುವೆ ಕಚ್ಚಿದ ಹಾಗೆ."

ಹಿಂದೆಯೇ ಬಂದ ಡಾಕ್ಟರಿಗೆ ತೆರೆದ ಫ್ರಿಜ್ಜಿನಲ್ಲಿ ಟ್ಯೂಬ್ ಕಂಡಿತು. "ಮೂರನೇದೂ ಫ್ರಿಜ್ಜಿಗೆ ಹೋಯ್ತಾ? ಯಾರು ಇಟ್ಟಿದ್ದು?"

ಟೆಕ್ನೀಷಿಯನ್ ಮಂಚದ ಕಡೆ ನೋಡಿದ. ಆ ಕಣ್ಣು ಮತ್ತೆ ಮುಚ್ಚಿತ್ತು. ಬಾಗಿಲಿನ ಕೀಲಿ ಇವನ ಕೈಯಲ್ಲೇ ಇತ್ತು.

"ನಾನೇ ಸಾರ್."

"ಸರಿ. ಪ್ರಮೋಷನ್ ವಿಚಾರ ಮುಂದಿನ ವರ್ಷ ನೋಡೋಣ."

ಅತ್ತೆ ಆಗ ತಾನೇ ಎಚ್ಚರವಾದವರಂತೆ ಮಗ್ಗುಲಾದರು. "ಪಾಪ, ಅವನನ್ನ ಬೈಬೇಡಿ ಅಳಿಯಂದ್ರೆ. ನಾಳೆ ಬೆಳಿಗ್ಗೆ ಬೇಗ ಬಂದು ಇವನ ಹತ್ರಾನೇ ಮಾಡಿಸ್ಕೋತೀನಿ. ನನ್ನ ತಂಗೀಗೂ ಮನೇಲಿ ತುಂಬಾ ಬಿಪಿ. ಇನ್ನೊಂದು ಮಂಚ ಹಾಕಿಸಿಡಿ."